ಹೋಳಿಯಲ್ಲಿ ನಮ್ಮ ಫಿಯಾಟ್‌ಗೆ ಸ್ಪ್ರೇ ಹೊಡೆದಿದ್ದಾರೆ, ಕಂಪನಿ ಬಣ್ಣ ಉಳಿಸೋದು ಹೇಗೆ?

ಕಿಲ್ಲಾ ಓಣಿ: ಬಾಗಲಕೋಟೆ ಹೋಳಿ ಗೊತ್ತಲ್ಲ, ಬಂಡಿ ಮೇಲೆ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುತ್ತಾರೆ. ಅದೆಲ್ಲ ನೀರು ಹಾಕಿದರೆ ಹೋಯಿತು. ಆದರೆ ಯಾವನೋ ಸಿಲ್ವರ್ ಸ್ಪ್ರೇ ಡಬ್ಬಿ ತಂದು ಅಪ್ಪನ 1978ರ ಫಿಯಾಟ್ ಬಾನೆಟ್ ಮೇಲೆ ಉದ್ದಕ್ಕೆ ಗೆರೆ ಎಳೆದಿದ್ದಾನೆ. ಐದು ದಿನ ಆಯಿತು. ಕೆಳಗಿರುವ ಆಕಾಶನೀಲಿ ಕಂಪನಿಯಿಂದ ಬಂದದ್ದು, ಒಮ್ಮೆಯೂ ಪೇಂಟ್ ಮಾಡಿಸಿಲ್ಲ. ಏನು ಹಚ್ಚಲಿ?

ನವನಗರದವ: ಥಿನ್ನರ್ ಹಾಕಿ ಒರೆಸಿ. ಎರಡು ನಿಮಿಷದ ಕೆಲಸ.

ಪೇಂಟರ್ ಕಾಕಾ: ಹೌದು, ಎರಡು ನಿಮಿಷದಲ್ಲಿ ತಗಡು ಕಾಣುತ್ತದೆ. ಡ್ಯೂಕೋ, ಅಂದರೆ ಹಳೇ ಕಾಲದ ಲ್ಯಾಕರ್ ಪೇಂಟ್, ಇದ್ದರೆ ಎಷ್ಟು ವರ್ಷ ಒಣಗಿದ್ದರೂ ಥಿನ್ನರ್ ತಾಗಿದ ಕೂಡಲೇ ಮತ್ತೆ ಕರಗುತ್ತದೆ. ಎನಾಮೆಲ್ ಆದರೆ ಸ್ವಲ್ಪ ತಡೆಯುತ್ತದೆ. ಮೊದಲು ಡಿಕ್ಕಿ ಮುಚ್ಚಳದ ಒಳಗಡೆ, ಯಾರಿಗೂ ಕಾಣದ ಕಡೆ, ಹತ್ತಿಯಲ್ಲಿ ಒಂದೇ ಹನಿ ಮುಟ್ಟಿಸಿ ನೋಡಿ. ಮೆತ್ತಗಾಗಿ ಅಂಟಿತೋ, ಥಿನ್ನರ್ ಡಬ್ಬಿ ಮುಚ್ಚಿ ಇಡಿ.

ಪದ್ಮಿನಿ ಅಭಿಮಾನಿ: 1978ರ ಫಿಯಾಟ್ ಅಂತ ಗಾಡಿಯೇ ಇಲ್ಲ. 1974ರಿಂದ ಅದು ಪ್ರೀಮಿಯರ್ ಪದ್ಮಿನಿ. ಬಣ್ಣ ಅಸಲಿ ಬೇಕು, ಹೆಸರು ಬೇಡವಾ?

ಜಮಖಂಡಿ ಗ್ಯಾರೇಜ್: "ಗಾಡಿಯೇ ಇಲ್ಲ"ವಾ? ನಮ್ಮ ಕಡೆ ಯಾರ ಬಾಯಲ್ಲಿ ಪದ್ಮಿನಿ ಕೇಳಿದ್ದೀರಿ? ಫಿಯಾಟ್ ಅಂದರೆ ಫಿಯಾಟ್. 1089 ಸಿಸಿ ಎಂಜಿನ್ ಯಾರದು, ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯವರು ಕನಸು ಕಂಡು ಮಾಡಿದ್ದಾ?

ಡೀಟೇಲಿಂಗ್ ಹುಡುಗ: ಕ್ಲೇ ಬಾರ್, ಪೇಂಟ್ ಮೇಲಿನ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ, ತಗೊಳ್ಳಿ ಸರ್, ಶಾಂಪೂ ನೀರು ಹಾಕಿ ಮೆಲ್ಲಗೆ ಉಜ್ಜಿ. ಬಣ್ಣಕ್ಕೆ ಏನೂ ಆಗಲ್ಲ. ನಾನೇ ಎಷ್ಟೋ ಗಾಡಿ ಮಾಡಿದ್ದೇನೆ.

ಪೇಂಟರ್ ಕಾಕಾ: ತಮ್ಮಾ, ನೀನು ಮಾಡಿದ್ದು ಗಾಳಿಯಲ್ಲಿ ಹಾರಿ ಕೂತ ಪೇಂಟ್ ಧೂಳು. ಅದಕ್ಕೆ ಕ್ಲೇ ಸರಿ. ಇದು ದಪ್ಪ ಗೆರೆ, ಕ್ಲೇ ಸವೆಯುತ್ತದೆ, ಗೆರೆ ಅಲ್ಲೇ ಇರುತ್ತದೆ.

ಪದ್ಮಿನಿ ಅಭಿಮಾನಿ: ಕುರ್ಲಾದವರ ಕನಸಂತೆ! 2023ರಲ್ಲಿ ಮುಂಬೈಯಲ್ಲಿ ಈ ಗಾಡಿಯ ಟ್ಯಾಕ್ಸಿ ಓಡೋದು ನಿಂತಾಗ ಪೇಪರ್‌ನವರೆಲ್ಲ ಯಾವ ಹೆಸರು ಬರೆದರು? ಪ್ರೀಮಿಯರ್ ಪದ್ಮಿನಿ. ಹೋಗಿ ಓದಿ.

ಜಮಖಂಡಿ ಗ್ಯಾರೇಜ್: ಪೇಪರ್ ಓದಿ ಗಾಡಿ ಕಲಿತವರು ನೀವು. ನಾನು ಸ್ಟೀರಿಂಗ್ ಗೇರ್ ಬಿಚ್ಚಿ ಕಲಿತವನು.

ನವನಗರದವ: ಥಿನ್ನರ್ ಬೇಡ ಅಂದರೆ ಬ್ರೇಕ್ ಆಯಿಲ್ ಹಚ್ಚಿ. ಎಂಥ ಪೇಂಟ್ ಇದ್ದರೂ ಎದ್ದು ಬರುತ್ತದೆ.

ಪೇಂಟರ್ ಕಾಕಾ: ಎದ್ದು ಬರುವುದು ಅಪ್ಪನ ಆಕಾಶನೀಲಿ ಕಣಪ್ಪಾ! ಬ್ರೇಕ್ ಆಯಿಲ್ ಚೆಲ್ಲಿದರೆ ಓಡಿ ನೀರು ಹಾಕುತ್ತೇವೆ, ನೀನು ಹಚ್ಚು ಅನ್ನುತ್ತೀಯಲ್ಲ! ಕಿಲ್ಲಾ ಓಣಿಯವರೇ, ಇವನ ಮಾತು ಬಿಡಿ. ಗಾಡಿ ನೆರಳಿಗೆ ತನ್ನಿ, ಈ ಬಿಸಿಲಲ್ಲಿ ಕಾದ ಬಾನೆಟ್ ಮುಟ್ಟಬೇಡಿ. ಗೆರೆಯ ಎರಡೂ ಕಡೆ ಟೇಪ್ ಅಂಟಿಸಿ. 2000 ನಂಬರ್ ವಾಟರ್ ಪೇಪರ್ (ತೀರಾ ನಯವಾದ ಉಜ್ಜುಕಾಗದ) ನೆನೆಸಿ, ಸೋಪಿನ ನೀರಲ್ಲಿ ಗೆರೆ ಮೇಲೆ ಮಾತ್ರ ಆಡಿಸಿ. ಸಿಲ್ವರ್ ಪೂರ್ತಿ ಹೋಗುವ ತನಕ ಉಜ್ಜಬೇಡಿ. ತೆಳ್ಳಗೆ ಮಬ್ಬು ಉಳಿದಾಗ ನಿಲ್ಲಿಸಿ, ಮಿಕ್ಕಿದ್ದು ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಚ್ಚಿ ಬಟ್ಟೆಯಿಂದ, ಕೈಯಲ್ಲೇ. ಈ ಗಾಡಿಗಳಿಗೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಇರುವುದಿಲ್ಲ. ಬಟ್ಟೆಗೆ ನೀಲಿ ಹತ್ತಿತು ಅಂದರೆ ಅಸಲಿ ಬಣ್ಣ ಸವೆಯುತ್ತಿದೆ ಅಂತಲೇ ಅರ್ಥ.

ಡೀಟೇಲಿಂಗ್ ಹುಡುಗ: "ಕೈಯಲ್ಲೇ" ಯಾಕೆ? ಈಗ ಎಲ್ಲರ ಹತ್ತಿರ ಮಷೀನ್ ಇದೆ.

ಪೇಂಟರ್ ಕಾಕಾ: ಮಷೀನ್ ಇದೆ, ಕಂಪನಿ ಬಣ್ಣ ಇನ್ನೊಂದು ಡಬ್ಬಿ ಇದೆಯಾ?

ಜಮಖಂಡಿ ಗ್ಯಾರೇಜ್: ಹೆಸರಿನ ವಿಷಯ ಆರ್‌ಸಿ ಹೇಳಲಿ. ಕಿಲ್ಲಾ ಓಣಿಯವರೇ, ಆರ್‌ಸಿಯಲ್ಲಿ ಏನಿದೆ?

ಕಿಲ್ಲಾ ಓಣಿ: ನಾನು ಕೇಳಿದ್ದು ಬಣ್ಣ ತೆಗೆಯೋದು ಹೇಗೆ ಅಂತ. ಆರ್‌ಸಿಯಲ್ಲಿ "ಪ್ರೀಮಿಯರ್" ಅಂತ ಅಷ್ಟೇ ಓದಲು ಬರುತ್ತದೆ, ಮುಂದಿನದು ಮಡಿಕೆಯಲ್ಲಿ ಹರಿದಿದೆ.

ಪದ್ಮಿನಿ ಅಭಿಮಾನಿ: ಪ್ರೀಮಿಯರ್! ಮುಗಿಯಿತು.

ಜಮಖಂಡಿ ಗ್ಯಾರೇಜ್: ಪದ್ಮಿನಿ ಅಂತ ಎಲ್ಲಿದೆ? ಕಂಪನಿ ಹೆಸರು ಇರಲೇಬೇಕಲ್ಲ. ನಾನು ಹೇಳಿದ್ದೇ ಸರಿ.

ಕಿಲ್ಲಾ ಓಣಿ: ಇವತ್ತು ಬೆಳಿಗ್ಗೆ ಕೂತೆ. ಕಾಕಾ ಹೇಳಿದಂತೆ ಡಿಕ್ಕಿ ಒಳಗೆ ಹನಿ ಮುಟ್ಟಿಸಿದೆ, ಬಣ್ಣ ಅಂಟಂಟಾಯಿತು. ಥಿನ್ನರ್ ಬಿಟ್ಟು ವಾಟರ್ ಪೇಪರ್ ಹಿಡಿದೆ. ಮೂರು ತಾಸು ಹಿಡಿಯಿತು. ನಡುವಿನ ಗೆರೆ ಹೋಗಿದೆ, ನೀಲಿ ಉಳಿದಿದೆ. ಬಾನೆಟ್ ತುದಿಯ ಮಡಿಕೆಯಲ್ಲಿ ಮಾತ್ರ ಬೆರಳಗಲ ಪ್ರೈಮರ್ ಕಾಣಿಸಿತು.

ಪೇಂಟರ್ ಕಾಕಾ: ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ. ಅಲ್ಲಿ ಪೇಪರ್ ಯಾಕೆ ಹಾಕಿದಿರಿ?

ಕಿಲ್ಲಾ ಓಣಿ: ಹಾಕಬೇಡಿ ಅಂತ ನೀವು ಬರೆದೇ ಇಲ್ಲ ಕಾಕಾ.

ಪೇಂಟರ್ ಕಾಕಾ: "ಗೆರೆ ಮೇಲೆ ಮಾತ್ರ" ಅಂದಿದ್ದೆ.

ಕಿಲ್ಲಾ ಓಣಿ: ಗೆರೆ ಅಂಚಿನ ತನಕವೂ ಇತ್ತು.

ನವನಗರದವ: ಥಿನ್ನರ್ ಹಾಕಿದ್ದರೆ ಮೂರು ತಾಸು ಉಳಿಯುತ್ತಿತ್ತು. ಇರಲಿ, ಗಾಡಿ ಕೊಡೋದಿದೆಯಾ?