ಸಹಾಯ ಬೇಕು: ಸೀಸವಿಲ್ಲದ ಹಿತ್ತಾಳೆಯನ್ನು ಲೇತಿನಲ್ಲಿ ಕಡೆಯುವ ಬಗ್ಗೆ

ಮಾನ್ಯರೇ, ಕುಶಾಲನಗರದ ನಮ್ಮ ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ ತೋಟದ ಮನೆಗಳಿಗೆ ಕುಡಿಯುವ ನೀರಿನ ಹಿತ್ತಾಳೆ ನಲ್ಲಿಗಳನ್ನು ತಯಾರಿಸುತ್ತೇವೆ. ಸಾಮಾನ್ಯ ಸರಳಿನಲ್ಲಿರುವ ಸುಮಾರು ಶೇಕಡಾ 3ರಷ್ಟು ಸೀಸವು ಲೋಹದಲ್ಲಿ ಕರಗದೆ ಸಣ್ಣ ಕಣಗಳಾಗಿ ಉಳಿದು, ಕಡೆಯುವಾಗ ಏಳುವ ಸುರುಳಿಯನ್ನು ತುಂಡರಿಸಿ ಟೂಲಿನ ಕೆಲಸವನ್ನು ಹಗುರ ಮಾಡುತ್ತದೆ. ಆದರೆ ಅದೇ ಸೀಸ ನೀರಿಗೂ ಇಳಿಯುತ್ತದೆ. ಮಕ್ಕಳು ಕುಡಿಯುವ ನೀರಿನ ವಿಷಯದಲ್ಲಿ ಇದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಶೇಕಡಾ 75ರಷ್ಟು ತಾಮ್ರ, 3ರಷ್ಟು ಸಿಲಿಕಾನ್, ಉಳಿದಂತೆ ಬಹುಪಾಲು ಸತುವಿರುವ ಸರಳನ್ನು ತರಿಸಿ ನೋಡಿದೆವು. ಅದು ಗಡುಸಾಗಿದ್ದು, ಹೈಸ್ಪೀಡ್ ಸ್ಟೀಲ್ ಟೂಲಿನ ಮೊನೆ ಬೇಗನೆ ಸವೆಯುತ್ತಿದೆ. ಸೀಸದ ಬದಲು ಬಿಸ್ಮತ್ ಎಂಬ ಲೋಹ ಬೆರೆಸಿದ ಹಿತ್ತಾಳೆಯನ್ನು ಕಡೆಯುವುದು ಸಲೀಸು, ಆದರೆ ಅದರ ಚೂರು ಬೇರೆ ಗುಜರಿಯೊಂದಿಗೆ ಬೆರೆತರೆ ಮುಂದೆ ಕಾಯಿಸಿ ಬಡಿಯುವಾಗ ಹಿತ್ತಾಳೆ ಬಿರಿಯುತ್ತದೆ. ಸಿಲಿಕಾನ್ ಹಿತ್ತಾಳೆಗೆ ಕಾರ್ಬೈಡ್ ಟೂಲನ್ನು ಯಾವ ಕೋನಕ್ಕೆ ಸಾಣೆ ಹಿಡಿದು, ಎಷ್ಟು ವೇಗದಲ್ಲಿ ಓಡಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.