‘ಶೋಧಕ’ದ ಬದಲು ‘ಸೋಸಣಿಗೆ’ ಆದೀತೆ? ಕಾರಿನ ಆಯಿಲ್ ಫಿಲ್ಟರಿನ ಸುತ್ತಲಿನ ಕೆಲವು ಪದಗಳು

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಕಾರಿನ ಸಣ್ಣಪುಟ್ಟ ಕೆಲಸಕ್ಕೆಲ್ಲ ಶಿವಮೊಗ್ಗಕ್ಕೆ ಹೋಗಿ ಒಂದು ದಿನ ಕಳೆಯುವುದು ಕಷ್ಟವಾದ್ದರಿಂದ, ನಾನೂ ನೆರೆಯ ಮೂರು ನಾಲ್ಕು ಮನೆಯವರೂ ಎಂಜಿನ್ನಿನ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಮನೆಯಂಗಳದಲ್ಲೇ ಬದಲಾಯಿಸಿಕೊಳ್ಳುತ್ತ ಬಂದಿದ್ದೇವೆ. ಈ ಕೆಲಸ ಕಲಿಯಬೇಕೆಂದು ಬಂದ ಹುಡುಗರಿಗಾಗಿ ಎರಡು ಪುಟದ ಸೂಚನೆಯೊಂದನ್ನು ಕನ್ನಡದಲ್ಲಿ ಬರೆಯಲು ಕುಳಿತವನಿಗೆ ಮೊದಲ ಸಾಲಿನಲ್ಲೇ ತೊಡಕು ಎದುರಾಯಿತು. ಪಾರಿಭಾಷಿಕ ಬರಹಗಳಲ್ಲಿ ಕಾಣುವ ‘ತೈಲ ಶೋಧಕ’ ಎಂಬ ಮಾತನ್ನೇ ಬಳಸಿದ್ದೆ. ಅದನ್ನು ಓದಿದ ಹುಡುಗನೊಬ್ಬ, ‘ಇದು ನೆಲದಡಿಯ ಎಣ್ಣೆ ಹುಡುಕುವ ಯಂತ್ರವೇ?’ ಎಂದು ಕೇಳಿದ.

ಅವನು ಕೇಳಿದ್ದು ನ್ಯಾಯವಾಗಿಯೇ ಇದೆ. ಇಂದಿನ ಕನ್ನಡದಲ್ಲಿ ‘ಶೋಧ’ ಎಂದೊಡನೆ ಮನಸ್ಸು ಹುಡುಕಾಟದ ಕಡೆಗೆ ಹೋಗುತ್ತದೆ. ಪೊಲೀಸರು ಶೋಧ ನಡೆಸುತ್ತಾರೆ, ಸಂಶೋಧಕರು ಹೊಸದನ್ನು ಅರಸುತ್ತಾರೆ, ಲೆಕ್ಕ ಪರಿಶೋಧಕರು ತಪ್ಪನ್ನು ಕಂಡುಹಿಡಿಯುತ್ತಾರೆ. ಪತ್ರಿಕೆಗಳಲ್ಲಿ ‘ತೈಲ ಶೋಧ’ ಎಂದರೆ ಕಡಲಿನಲ್ಲೋ ಮರುಭೂಮಿಯಲ್ಲೋ ಬಾವಿ ಕೊರೆಯುವ ಕೆಲಸ. ‘ರಸವನ್ನು ಶೋಧಿಸಿ ಇಟ್ಟುಕೊಳ್ಳಿ’ ಎಂದು ಅಡುಗೆಯ ಬರಹಗಳಲ್ಲಿ ಬರುವುದುಂಟು, ಆದರೆ ಆ ಅರ್ಥ ಒಲೆಯ ಪಕ್ಕದಲ್ಲಷ್ಟೇ ಉಳಿದುಕೊಂಡಂತಿದೆ. ‘ತೈಲ ಶುದ್ಧೀಕರಣ’ವೆಂದು ತಿರುಗಿಸೋಣವೆಂದರೆ ಅದು ಮಂಗಳೂರಿನಲ್ಲಿ ಕಚ್ಚಾತೈಲದಿಂದ ಪೆಟ್ರೋಲು ಡೀಸೆಲು ಬೇರ್ಪಡಿಸುವ ಘಟಕಕ್ಕೆ ಆಗಲೇ ಸಂದುಹೋದ ಮಾತು.

ನನ್ನ ಆಕ್ಷೇಪ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಶೋಧಕ’ದ ಬೇರಿನಲ್ಲಿರುವುದು ಶುದ್ಧಿಯ ಕಲ್ಪನೆ, ಆಯಿಲ್ ಫಿಲ್ಟರಾದರೋ ಎಣ್ಣೆಯನ್ನು ಶುದ್ಧ ಮಾಡುವುದೇ ಇಲ್ಲ. ಕಾರುಗಳ ಸಾಮಾನ್ಯ ಫಿಲ್ಟರು ಚೆನ್ನಾಗಿ ಹಿಡಿಯುವುದು ಇಪ್ಪತ್ತು ಮೂವತ್ತು ಮೈಕ್ರಾನಿಗಿಂತ ದೊಡ್ಡದಾದ ಲೋಹದ ಚೂರು, ಧೂಳು, ಗಟ್ಟಿಯಾದ ಇಂಗಾಲದ ಕಣಗಳನ್ನು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಣ್ಣೆಯನ್ನು ಕಪ್ಪಾಗಿಸುವ ಮಸಿಯ ಬಿಡಿ ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದಾಗಿರುವುದರಿಂದ ಅದು ಕಾಗದದ ನಡುವೆ ನಿರಾತಂಕವಾಗಿ ನುಸುಳಿಹೋಗುತ್ತದೆ. ಎಣ್ಣೆಯಲ್ಲಿ ಬೆಳೆಯುವ ಆಮ್ಲವನ್ನಾಗಲಿ, ಬೆರೆತ ಪೆಟ್ರೋಲನ್ನಾಗಲಿ ಫಿಲ್ಟರು ತೆಗೆಯದು. ಸವೆದುಹೋದ ರಾಸಾಯನಿಕ ಗುಣಗಳನ್ನು ಅದು ಮರಳಿ ಕೊಡಲಾರದು. ‘ಶೋಧಕ’ವೆಂದು ಓದಿದವರು, ಹೊಸ ಫಿಲ್ಟರು ಹಾಕಿದರೆ ಹಳೆಯ ಎಣ್ಣೆಯೇ ಚೊಕ್ಕವಾಗಿ ಇನ್ನಷ್ಟು ದಿನ ನಡೆಯುತ್ತದೆಂದು ನಂಬಿದ್ದನ್ನು ನಾನು ನಮ್ಮೂರಲ್ಲೇ ಕಂಡಿದ್ದೇನೆ.

ಈ ಶುದ್ಧಿಯ ಕಲ್ಪನೆ ಅಮೆರಿಕದಲ್ಲಿಯೂ ಹೆಸರಿನೊಳಗೆ ಸೇರಿಕೊಂಡಿತ್ತು. ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ 1923ರಲ್ಲಿ ಮೋಟಾರುಗಾಡಿಗಾಗಿ ರೂಪಿಸಿದ ಫಿಲ್ಟರಿಗೆ, ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮಾತನ್ನು ಕೂಡಿಸಿ ‘ಪ್ಯುರೊಲೇಟರ್’ ಎಂದು ಹೆಸರಿಟ್ಟರು. ಆದರೆ ‘ಫಿಲ್ಟರ್’ ಎಂಬ ಪದದ ಮೂಲದಲ್ಲಿ ಶುದ್ಧಿಯ ಸುಳಿವೇ ಇಲ್ಲ. ನಡುಗಾಲದ ಲ್ಯಾಟಿನ್ನಿನ ‘ಫಿಲ್ಟ್ರಮ್’ ಎಂದರೆ ಉಣ್ಣೆಯನ್ನು ನೇಯದೆ ಅಮುಕಿ ಮಾಡಿದ ದಪ್ಪ ಬಟ್ಟೆ; ದ್ರವವನ್ನು ಅದರ ಮೂಲಕ ಇಳಿಸುತ್ತಿದ್ದುದರಿಂದ ಬಟ್ಟೆಯ ಹೆಸರೇ ಉಪಕರಣಕ್ಕೆ ಬಂತು. ನಮ್ಮ ಸೋಸುಬಟ್ಟೆಯೂ ಅದರ ಬಳಗದ್ದೇ.

‘ಸೋಸು’ ಎಂಬ ನಮ್ಮ ಮನೆಯ ಮಾತು ಎಷ್ಟು ನಿಖರವೆಂಬುದು ನನಗೆ ಕಂಡದ್ದು ಆಗ. ಕಾಫಿಯನ್ನು ಸೋಸಿದರೆ ಚರಟ ಹೋಗುತ್ತದೆ, ಕಾಫಿಯ ಬಣ್ಣ ಹೋಗುವುದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಬಟ್ಟೆಯಲ್ಲಿ ಸೋಸಿದಾಗ ಸಿಪ್ಪೆಯ ಚೂರು ಮೇಲೆ ಉಳಿಯುತ್ತದೆ, ಹಾಲು ಮಬ್ಬಾಗಿಯೇ ಕೆಳಗಿಳಿಯುತ್ತದೆ. ದ್ರವದ ಗುಣಕ್ಕೆ ಕೈಹಾಕದೆ ಅದರಲ್ಲಿ ತೇಲುವ ಗಟ್ಟಿ ಪದಾರ್ಥವನ್ನಷ್ಟೇ ತಡೆಯುವ ಕ್ರಿಯೆಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಹೊಳೆಯುತ್ತಿಲ್ಲ. ‘ಫಿಲ್ಟರು ಎಣ್ಣೆಯನ್ನು ಸೋಸುತ್ತದೆ’ ಎಂದು ಬರೆದ ಮೇಲೆ, ಎಣ್ಣೆ ಕಪ್ಪಾಗಿಯೇ ಏಕಿದೆ ಎಂದು ಹುಡುಗರಲ್ಲಿ ಯಾರೂ ಕೇಳಲಿಲ್ಲ.

‘ಜರಡಿ’ಯನ್ನು ಸೂಚಿಸಿದವರೂ ಇದ್ದಾರೆ. ಜರಡಿಯ ಕಣ್ಣುಗಳು ಒಂದೇ ಅಳತೆಯವು, ಅದು ಹಿಟ್ಟು ಮರಳಿನಂಥ ಒಣ ವಸ್ತುವಿಗೆ ಸಲ್ಲುವಂಥದ್ದು. ಹಳೆಯ ಫಿಲ್ಟರೊಂದರ ತಗಡನ್ನು ಕತ್ತರಿಸಿ ನೋಡಿದರೆ, ಒಳಗೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಚಿದ ಕಾಗದ ಕಾಣುತ್ತದೆ. ಒಂದು ಮಡಿಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಎಲ್ಲಿಯೂ ಸಾಲಾದ ತೂತುಗಳಿಲ್ಲ. ಗೊಂದಲವಾಗಿ ಹೆಣೆದುಕೊಂಡ ನಾರುಗಳಿವೆ, ಅವುಗಳ ನಡುವೆ ಕರಿಯ ಜಿಡ್ಡಿನಲ್ಲಿ ಸಿಕ್ಕಿಕೊಂಡು ಮಿನುಗುವ ಒಂದೆರಡು ಲೋಹದ ಕಣಗಳಿರುತ್ತವೆ. ‘ಜರಡಿ’ ಎಂಬ ಮಾತನ್ನು, ಎಣ್ಣೆಯ ತೊಟ್ಟಿಯೊಳಗೆ ಪಂಪಿನ ಬಾಯಿಗೆ ಕಟ್ಟಿದ ತಂತಿಬಲೆಗೆ ಮೀಸಲಿಡುವುದು ಮೇಲು.

ಇನ್ನು ಪದದ ರೂಪ. ‘ಸೋಸುಕ’ ಎಂಬುದನ್ನು ಕೆಲವರು ಬಳಸುತ್ತಾರೆ; ಆದರೆ ಕುಡುಕ, ತಿರುಕ ಎಂಬ ಪದಗಳ ಜೊತೆಯಲ್ಲಿ ಕಿವಿಗೆ ಅದು ವ್ಯಕ್ತಿಯೊಬ್ಬನ ಹೆಸರಿನಂತೆ ಕೇಳುತ್ತದೆ. ಬೀಸುವುದರಿಂದ ಬೀಸಣಿಗೆ, ಬಾಚುವುದರಿಂದ ಬಾಚಣಿಗೆ ಆದಂತೆ ಸೋಸುವುದರಿಂದ ‘ಸೋಸಣಿಗೆ’ ಆಗಬಾರದೇಕೆ? ‘ಬರವಣಿಗೆ’, ‘ಬೆಳವಣಿಗೆ’ಗಳಲ್ಲಿ ಇದೇ ಪ್ರತ್ಯಯ ಉಪಕರಣವನ್ನು ಸೂಚಿಸದೆ ಕ್ರಿಯೆಯನ್ನು ಸೂಚಿಸುತ್ತದೆ ಎಂಬುದು ಇದಕ್ಕಿರುವ ತೂಕದ ಆಕ್ಷೇಪ. ಜೊತೆಗೆ ‘ತೈಲ’ ಬೇಕಿಲ್ಲ, ‘ಎಣ್ಣೆ’ಯೇ ಸಾಕು. ತೈಲ ‘ತಿಲ’ದಿಂದ ಬಂದದ್ದು, ಎಣ್ಣೆ ‘ಎಳ್ಳಿನ ನೆಯ್’ನಿಂದ ಬಂದದ್ದು, ಎರಡರ ಹುಟ್ಟೂ ಎಳ್ಳಿನಲ್ಲೇ ಇರುವಾಗ ಒಂದನ್ನು ಶಾಸ್ತ್ರೀಯವೆಂದೂ ಇನ್ನೊಂದನ್ನು ಅಡುಗೆಮನೆಯದೆಂದೂ ಬೇರ್ಪಡಿಸುವುದು ನನಗೆ ಸರಿಕಾಣುವುದಿಲ್ಲ.

ಉಳಿದ ಕೆಲವು ಪದಗಳು ತಾವಾಗಿಯೇ ಒದಗಿದವು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ‘ಬಸಿಯುವುದು’. ಗಂಜಿ ಬಸಿಯುವ, ತೋಟಕ್ಕೆ ಬಸಿಗಾಲುವೆ ತೋಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ತಳದ ಡ್ರೇನ್ ನಟ್ಟಿಗೆ ‘ಬಸಿಬಿರಡೆ’ ಎಂದಿದ್ದೇನೆ. ತಳದಲ್ಲಿ ಕೂತ ಗಟ್ಟಿ ಕೊಳೆಗೆ ಗಾಣದ ಕಾಲದಿಂದ ಬಂದ ‘ಮಡ್ಡಿ’ ಇದ್ದೇ ಇದೆ. ಫಿಲ್ಟರು ‘ಕಟ್ಟಿಕೊಳ್ಳುತ್ತದೆ’, ಚರಂಡಿ ಕಟ್ಟಿಕೊಂಡ ಹಾಗೆ.

ಫಿಲ್ಟರನ್ನು ಆರಿಸುವಲ್ಲಿ ಎರಡು ಕ್ರಿಯಾಪದಗಳ ವ್ಯತ್ಯಾಸ ಮುಖ್ಯವಾಗುತ್ತದೆ. ಅಂಗಡಿಯವರು ‘ಇದು ನಿಮ್ಮ ಗಾಡಿಗೆ ಕೂರುತ್ತದೆ’ ಎನ್ನುತ್ತಾರೆ. ತಿರುಪಿನ ಅಳತೆಯೂ, ಎಂಜಿನ್ನಿಗೆ ತಾಗುವಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯ ಅಗಲವೂ ಒಂದೇ ಆದರೆ ಬೇರೆ ಗಾಡಿಯ ಫಿಲ್ಟರೂ ಕೂರುತ್ತದೆ, ಆದರೆ ‘ಒಗ್ಗುತ್ತದೆ’ ಎಂದು ಹೇಳಲಾಗದು. ಕಾಗದ ಕಟ್ಟಿಕೊಂಡಾಗ ಅಥವಾ ಚಳಿಯ ಬೆಳಗ್ಗೆ ಎಣ್ಣೆ ಮಂದವಾಗಿರುವಾಗ, ಸೋಸದೆಯೇ ಎಣ್ಣೆಯನ್ನು ಮುಂದಕ್ಕೆ ಬಿಡುವ ಕವಾಟವೊಂದು ಹಲವು ಫಿಲ್ಟರುಗಳೊಳಗೆ ಇರುತ್ತದೆ; ಅದು ತೆರೆಯಬೇಕಾದ ಒತ್ತಡ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಫಿಲ್ಟರಿಗೆ, ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಕವಾಟವೂ ಬೇಕು. ಅದು ಇಲ್ಲದಿದ್ದರೆ, ಅಥವಾ ಬಿಸಿಗೆ ಗಟ್ಟಿಯಾಗಿದ್ದರೆ, ನಸುಕಿನಲ್ಲಿ ಗಾಡಿ ಶುರು ಮಾಡಿದಾಗ ಎಣ್ಣೆ ಮೇಲೇರುವವರೆಗೆ ಎಂಜಿನ್ನು ಎರಡು ಮೂರು ಸೆಕೆಂಡು ಕಟಕಟ ಎನ್ನುತ್ತದೆ. ಆದ್ದರಿಂದ ಗಾಡಿಯ ಕೈಪಿಡಿಯಲ್ಲಿ ಹೇಳಿದ ಸಂಖ್ಯೆಯ ಫಿಲ್ಟರನ್ನೇ ತರಬೇಕೆಂದು ಬರೆದಿದ್ದೇನೆ. ಮೊದಲನೆಯ ಕವಾಟಕ್ಕೆ ‘ಬಳಸುದಾರಿ ಕವಾಟ’ ಎಂದು ಹೆಸರಿಟ್ಟಿದ್ದೇನಾದರೂ, ‘ಬಳಸು’ವಿಗೆ ಉಪಯೋಗಿಸು ಎಂಬ ಅರ್ಥವೂ ಇರುವುದು ಮನಸ್ಸನ್ನು ಕೊರೆಯುತ್ತಿದೆ.

ನನ್ನನ್ನು ಹೆಚ್ಚು ಕಾಡಿದ್ದು ‘ಬಿಗಿ’. ಕೆಲವು ವರ್ಷಗಳ ಹಿಂದೆ ನಾನು ಕೊಂಡ ಫಿಲ್ಟರಿನ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ‘ಸೀಲನ್ನು ಪರೀಕ್ಷಿಸಿ, ಬಿಗಿಯಾಗಿ ತಿರುಗಿಸಿ’ ಎಂದಷ್ಟೇ ಇತ್ತು. ಯಾವ ಸೀಲು, ಎಷ್ಟು ಬಿಗಿ ಎಂದು ಅದರಲ್ಲಿರಲಿಲ್ಲ. ಹೊಸ ಫಿಲ್ಟರಿನ ಬಳೆಯನ್ನು ನೋಡಿ, ಫಿಲ್ಟರಿನ ಸುತ್ತ ಬಿಗಿಯುವ ಪಟ್ಟಿ ಹಾಕಿ ಬಲವಾಗಿ ತಿರುಗಿಸಿ ಗಾಡಿ ಶುರು ಮಾಡಿದೆ. ಹಳೆಯ ಫಿಲ್ಟರಿನ ರಬ್ಬರ್ ಬಳೆ, ಎಂಜಿನ್ನಿನಲ್ಲಿ ಫಿಲ್ಟರು ಕೂರುವ ಮುಖಕ್ಕೇ ಅಂಟಿಕೊಂಡಿತ್ತು, ನಾನು ಅದನ್ನು ಕಂಡಿರಲಿಲ್ಲ. ಎರಡು ಬಳೆಗಳು ಒಂದರ ಮೇಲೊಂದು ಜಾರಿ, ಆಗಷ್ಟೇ ಸುರಿದ ಹೊಂಬಣ್ಣದ ಎಣ್ಣೆ ಅಂಗಳದ ಇಳಿಜಾರಿನಲ್ಲಿ ಹರಿದು ತೋಟದ ಕಡೆಗೆ ಹೊರಟಿತು. ಎಣ್ಣೆಯ ಒತ್ತಡದ ಕೆಂಪು ದೀಪ ಆರಲೇ ಇಲ್ಲವೆಂದು ಕೂಡಲೇ ನಿಲ್ಲಿಸಿದ್ದರಿಂದ ಎಂಜಿನ್ನು ಉಳಿಯಿತು. ಈಗ ನನ್ನ ಸೂಚನೆಯಲ್ಲಿ ಹೀಗಿದೆ: ‘ಹಳೆಯ ಬಳೆ ಹಳೆಯ ಫಿಲ್ಟರಿನ ಜೊತೆಯಲ್ಲೇ ಬಂದಿದೆಯೇ ಎಂದು ಬೆರಳಿನಿಂದ ಸವರಿ ನೋಡಿರಿ. ಹೊಸ ಬಳೆಗೆ ಹೊಸ ಎಣ್ಣೆಯನ್ನು ತೆಳುವಾಗಿ ಹಚ್ಚಿರಿ. ಬಳೆ ಮುಖಕ್ಕೆ ತಾಗಿದ ಮೇಲೆ, ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿರದಿದ್ದರೆ, ಮುಕ್ಕಾಲು ಸುತ್ತು ಕೈಯಿಂದಲೇ ತಿರುಗಿಸಿರಿ.’ ಈ ಅಳತೆಗೆ ‘ಕೈಬಿಗಿ’ ಎಂದು ಹೆಸರಿಟ್ಟಿದ್ದೇನೆ.

‘ಸೋಸಣಿಗೆ’ ಉಪಕರಣದ ಹೆಸರಾಗಿ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಕ್ರಿಯೆಯ ಹೆಸರಿನಂತೆ ಕೇಳುತ್ತದೆಯೇ? ಸೊರಬ, ಸಾಗರ, ಹೊಸನಗರದ ಕಡೆ ಆಲೆಮನೆಯ ಸೋಸುಬಟ್ಟೆಗೋ ಹಳೆಯ ಗಾಣದ ಎಣ್ಣೆ ಸೋಸುವ ಸಾಧನಕ್ಕೋ ಬೇರೆ ಹೆಸರುಂಟೆ? ಉಂಟಾದರೆ ಹೇಳುವ ರೂಪದಲ್ಲೇ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಮಳೆಗಾಲಕ್ಕೆ ಮೊದಲು ಹುಡುಗರ ಕೈಗೆ ಕೊಡಬೇಕಾದ ಪ್ರತಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.