‘ಪ್ರಾತಿಭಾಸಿಕ’ ಎಂಬ ಪದವನ್ನು ಎಲ್ಲಿ ಬಳಸಬಹುದು?

ಪ್ರಶ್ನೆ:
ಕಡುಜ್ವರದಲ್ಲಿ ಮಲಗಿದವನಿಗೆ ಮನೆಯವರ ಮಾತು, ಗೋಡೆ, ಕಿಟಕಿ ಎಲ್ಲವೂ ಕನಸಿನಲ್ಲಿ ಕಂಡಂತೆ ತೋರುವುದನ್ನು ಲೇಖನವೊಂದರಲ್ಲಿ ‘ಪ್ರಾತಿಭಾಸಿಕ ಅನುಭವ’ ಎಂದು ಕರೆದಿದ್ದರು. ಈ ಪದದ ಸರಿಯಾದ ಅರ್ಥವೇನು? ಈ ಪ್ರಯೋಗ ಸರಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
‘ಪ್ರತಿಭಾಸ’ ಎಂದರೆ ತೋರಿಕೆ. ತೋರುವಷ್ಟು ಹೊತ್ತು ಮಾತ್ರ ಇರುವುದು ಪ್ರಾತಿಭಾಸಿಕ. ಇದು ಅದ್ವೈತ ವೇದಾಂತದ ಪಾರಿಭಾಷಿಕ ಪದ. ಧರ್ಮರಾಜಾಧ್ವರೀಂದ್ರರ ‘ವೇದಾಂತ ಪರಿಭಾಷಾ’ ಗ್ರಂಥವು ಸತ್ತೆಯನ್ನು, ಅಂದರೆ ಇರುವಿಕೆಯನ್ನು, ಪಾರಮಾರ್ಥಿಕ (ಎಂದಿಗೂ ಸುಳ್ಳಾಗದ ಪರಮ ಸತ್ಯ), ವ್ಯಾವಹಾರಿಕ (ದಿನನಿತ್ಯದ ಜಗತ್ತಿನ ಇರುವಿಕೆ), ಪ್ರಾತಿಭಾಸಿಕ ಎಂದು ಮೂರು ಬಗೆಯಾಗಿ ಹೇಳುತ್ತದೆ. ಚಿಪ್ಪಿನಲ್ಲಿ ಕಂಡ ಬೆಳ್ಳಿ ಮೂರನೆಯ ಬಗೆಗೆ ಸೇರಿದ್ದು. ಬೆಳ್ಳಿಯೆಂದು ಬಾಗಿ ಕೈಚಾಚುವವನಿಗೆ ಆ ಗಳಿಗೆಯಲ್ಲಿ ಸಂಶಯವೇ ಇರುವುದಿಲ್ಲ. ಚಿಪ್ಪೆಂದು ತಿಳಿದ ಮೇಲೆಯೇ ಆ ಬೆಳ್ಳಿ ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ಗೊತ್ತಾಗುತ್ತದೆ. ನೀವು ಹೇಳಿದ ಜ್ವರದವನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು: ಅವನಿಗೆ ಇಲ್ಲದ್ದು ಇದ್ದಂತೆ ಕಾಣುತ್ತಿಲ್ಲ, ಇರುವ ಗೋಡೆಯೇ ನಿಜವಲ್ಲವೆಂಬಂತೆ ಕಾಣುತ್ತಿದೆ. ಆದ್ದರಿಂದ ಆ ಪ್ರಯೋಗವನ್ನು ನಾನು ಒಪ್ಪಲಾರೆ.

ಉತ್ತರ 2:
ಮೇಲಿನ ಮಾತು ಸರಿಯಾಗಿದೆ. ಶಂಕರರಿಗೂ ಹಿಂದಿನ ಅದ್ವೈತಿ ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಜಗತ್ತನ್ನೇ ಸ್ವಪ್ನ, ಮಾಯೆ, ಗಂಧರ್ವನಗರ (ಆಕಾಶದಲ್ಲಿ ಇದ್ದಂತೆ ತೋರುವ ಊರು) ಇವುಗಳಿಗೆ ಹೋಲಿಸಿದ್ದಾರೆ. ಆದರೂ ಶಂಕರರು ‘ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್’ (ಲಕ್ಷಣ ಬೇರೆಯಾದ್ದರಿಂದ ಎಚ್ಚರದ ಅನುಭವ ಕನಸು ಮೊದಲಾದವುಗಳಂತಲ್ಲ) ಎಂಬ ಬ್ರಹ್ಮಸೂತ್ರದ ಭಾಷ್ಯದಲ್ಲಿ, ಕನಸಿನಲ್ಲಿ ಕಂಡದ್ದು ಎದ್ದೊಡನೆ ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬವು ಹಾಗೆ ಬಾಧಿತವಾಗುವುದಿಲ್ಲ ಎಂದು ಎರಡನ್ನೂ ಬೇರ್ಪಡಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರ ಮತದಲ್ಲಂತೂ ಪ್ರಾತಿಭಾಸಿಕ ಸತ್ತೆಗೆ ಎಡೆಯೇ ಇಲ್ಲ. ಕನಸಿನ ವಸ್ತುಗಳು ಮನಸ್ಸಿನ ವಾಸನೆಗಳಿಂದ, ಎಂದರೆ ಹಿಂದಿನ ಅನುಭವಗಳು ಉಳಿಸಿದ ಸಂಸ್ಕಾರಗಳಿಂದ, ಆದ ಸತ್ಯ ವಸ್ತುಗಳೇ. ಅವನ್ನು ಎಚ್ಚರದ ಹೊರಗಿನ ವಸ್ತುಗಳೆಂದು ಬಗೆಯುವುದಷ್ಟೇ ಭ್ರಮೆ. ಹೀಗಿರುವಾಗ ಇಷ್ಟು ವಾದದ ಹಿನ್ನೆಲೆಯುಳ್ಳ ಪದವನ್ನು ‘ಕನಸಿನಂತಹ’ ಎಂಬ ಸಡಿಲ ಅರ್ಥದಲ್ಲಿ ಬಳಸಿದರೆ ಅದರ ಹುರುಳೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಅನುಭವವನ್ನು ಏನೆಂದು ಕರೆಯಬೇಕು? ‘ಮಂಪರು’ ಎನ್ನಬಹುದೇ?

ಉತ್ತರ 1:
ಮಂಪರು ನಿದ್ದೆಯ ಅಂಚಿನ ಸ್ಥಿತಿ. ಪೂರ್ಣ ಎಚ್ಚರವಿದ್ದವರಿಗೂ ಸುತ್ತಲಿನದು ಅವಾಸ್ತವವೆನಿಸಬಹುದು. ಮನೋವೈದ್ಯರು ಇದನ್ನು ಡಿರಿಯಲೈಸೇಷನ್ ಎನ್ನುತ್ತಾರೆ. ಇದು ತನಗೆ ಹಾಗೆ ಅನಿಸುತ್ತಿದೆಯಷ್ಟೇ ಎಂಬ ಅರಿವು ಅಂಥವರಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಕನ್ನಡದಲ್ಲಿ ‘ಅವಾಸ್ತವ ಭಾವ’ ಎಂದರೆ ಸಾಕು. ಕಥೆಯಲ್ಲಾದರೆ ‘ಎಲ್ಲವೂ ಕನಸಿನಲ್ಲಿ ನಡೆದಂತಿತ್ತು’ ಎಂಬ ಸರಳ ವಾಕ್ಯವೇ ನನಗೆ ಹೆಚ್ಚು ಹಿಡಿಸುತ್ತದೆ. ಆದರೆ ಜ್ವರವೇರಿ ಸನ್ನಿ ಹಿಡಿದು, ರೋಗಿಯು ಅಲ್ಲಿ ಇಲ್ಲದ ಮನುಷ್ಯರನ್ನು ಕಂಡು ಅವರೊಡನೆ ಮಾತನಾಡತೊಡಗಿದರೆ, ಆ ಮನುಷ್ಯರನ್ನು ಪ್ರಾತಿಭಾಸಿಕ ಎನ್ನಲು ಅಡ್ಡಿಯಿಲ್ಲ.